ಆಸ್ತಿ, ಪರಿವಾರ ಎಲ್ಲ ಇದ್ದೂ ಆನ್ ಬೊಲಿನ್ ಹದಿನೇಳೇ ದಿನದಲ್ಲಿ ಮುಗಿದದ್ದು ಹೇಗೆ?

ಪ್ರಶ್ನೆ (ಚರಿತ್ರೆಪ್ರಿಯ): ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ರಾಣಿಯರಿಗೆ ಸ್ವಂತ ಜಮೀನು, ಸ್ವಂತ ಸಲಹಾ ಮಂಡಳಿ, ಸ್ವಂತ ಸಿಬ್ಬಂದಿ ಇರುತ್ತಿತ್ತು. ಆದರೂ ವ್ಯಭಿಚಾರ, ರಾಜದ್ರೋಹದ ಆರೋಪದಲ್ಲಿ 1536ರ ಮೇ 2ಕ್ಕೆ ಸೆರೆಯಾದ ಎರಡನೇ ರಾಣಿ ಆನ್‌ಳ ತಲೆ ಮೇ 19ಕ್ಕೆ ಉರುಳಿತು. ಇದ್ದ ಬಲವೆಲ್ಲ ಎಲ್ಲಿ ಹೋಯಿತು? ಗಂಡುಮಗು ಹುಟ್ಟಲಿಲ್ಲ ಎಂಬುದೊಂದೇ ಕಾರಣವೇ?

ದಫ್ತರ: ಬಲ ಇದ್ದದ್ದು ನಿಜ. ಆಗಿನ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಹಿಡಿತಕ್ಕೆ ಹೋಗುತ್ತಿತ್ತು. ರಾಣಿಗೆ ಮಾತ್ರ ವಿನಾಯಿತಿ. ತನ್ನ ಹೆಸರಲ್ಲೇ ಜಮೀನು ಹೊಂದಬಹುದು, ದಾವೆ ಹೂಡಬಹುದು. 1513ರಲ್ಲಿ ಹೆನ್ರಿ ಫ್ರಾನ್ಸಿನಲ್ಲಿದ್ದಾಗ ಮೊದಲ ರಾಣಿ ಅರಗಾನಿನ ಕ್ಯಾಥರೀನ್ ರಾಜಪ್ರತಿನಿಧಿ. ಸ್ಕಾಟ್ಲೆಂಡಿನ ವಿರುದ್ಧದ ಫ್ಲಾಡೆನ್ ಗೆಲುವು ಅವಳ ಆಡಳಿತದಲ್ಲೇ ಬಂತು. ಆದರೆ ಇದೆಲ್ಲ ಮದುವೆಯ ಮೂಲಕ ರಾಜನಿಂದ ಸಿಕ್ಕಿದ್ದು. ಆನ್‌ಳ ಪರಿವಾರವನ್ನು ಮೇ 13ಕ್ಕೇ ಬರಖಾಸ್ತು ಮಾಡಿದರು. ವಿಚಾರಣೆ ನಡೆದದ್ದು ಮೇ 15ಕ್ಕೆ! ತೀರ್ಪು ಮೊದಲೇ ಆಗಿಹೋಗಿತ್ತು ಎನ್ನಲು ಬೇರೆ ಪುರಾವೆ ಬೇಕಿಲ್ಲ.

ಅಂತಃಪುರ: ನನ್ನ ಪ್ರಕಾರ ಅವಳನ್ನು ಕೆಡವಿದ್ದು ಆ ಪರಿವಾರವೇ. ಆಸ್ಥಾನದ ಗಂಡಸರು ರಾಣಿಯ ಕೋಣೆಗೆ ಬಂದು ಹಾಡುವುದು, ಪ್ರೇಮದ ಮಾತಾಡುವುದು ರೂಢಿಯ ಆಟ. ಅದನ್ನು ಸೊಗಸಾಗಿ ಆಡಿಸುವುದು ರಾಣಿಯ ಕೆಲಸ. ಆಟದ ಮಾತು ಆರೋಪಪಟ್ಟಿಗೆ ಸೇರಿದರೆ ಉಳಿಗಾಲವಿಲ್ಲ. ರಾಜನಿಗೇನಾದರೂ ಆದರೆ ನನ್ನನ್ನು ಪಡೆಯಬೇಕೆಂದಿದ್ದೀಯ ಎಂದು ಆನ್ ರಾಜನ ಆಪ್ತ ಸೇವಕ ಹೆನ್ರಿ ನಾರಿಸ್‌ಗೆ ಅಂದಿದ್ದಳು. 1352ರ ಕಾನೂನಿನಲ್ಲಿ ರಾಣಿಯನ್ನು ಕೆಡಿಸಿದವನು ರಾಜದ್ರೋಹಿ; ಒಪ್ಪಿದ ರಾಣಿಯ ಬಗ್ಗೆ ಸ್ಪಷ್ಟ ಮಾತಿಲ್ಲ. ರಾಜನ ಸಾವು ಬಯಸಿದಳು ಎಂಬ ಆರೋಪ ಆ ಕೊರತೆ ತುಂಬಿತು. ಸೆರೆಯಿಟ್ಟ ಲಂಡನ್ ಟವರ್ ಕೋಟೆಯಲ್ಲಿ ಅವಳಿಗೆ ಕೊಟ್ಟ ಹೆಂಗಸರೂ ಬೇಹಿನವರೇ. ಅವಳು ದಿಗಿಲಿನಲ್ಲಿ ಬಡಬಡಿಸಿದ್ದೆಲ್ಲ ಕೋಟೆಯ ಅಧಿಕಾರಿ ಕಿಂಗ್‌ಸ್ಟನ್‌ನ ಪತ್ರಗಳಲ್ಲಿ ರಾಜನ ಮುಖ್ಯ ಮಂತ್ರಿ ಕ್ರಾಮ್‌ವೆಲ್‌ಗೆ ತಲುಪುತ್ತಿತ್ತು.

ದಫ್ತರ: ಒಪ್ಪುತ್ತೇನೆ. ಗಂಡುಮಗುವಿನ ವಿಷಯಕ್ಕೆ ಬಂದರೆ ದಿನಾಂಕ ನೋಡಿ: ಕ್ಯಾಥರೀನ್ ಸತ್ತದ್ದು ಜನವರಿ 7, ಆನ್‌ಗೆ ಗರ್ಭಪಾತವಾದದ್ದು ಜನವರಿ 29. ಕ್ಯಾಥರೀನ್ ಬದುಕಿರುವ ತನಕ ಆನ್‌ಳನ್ನು ಬಿಟ್ಟರೆ ಮತ್ತೆ ಅವಳ ಬಳಿಗೇ ಹೋಗು ಎಂಬ ಒತ್ತಡ ಹೆನ್ರಿಯ ಮೇಲೆ ಬರುತ್ತಿತ್ತು. ಆ ತಡೆ ಹೋದ ಮೇಲೆ ಆನ್‌ಗೆ ರಕ್ಷಣೆಯಿರಲಿಲ್ಲ.

ಚರಿತ್ರೆಪ್ರಿಯ: ಹಾಗಾದರೆ ಪಾರಾದವರು?

ಅಂತಃಪುರ: ನಾಲ್ಕನೇ ರಾಣಿ, ಜರ್ಮನಿಯ ಕ್ಲೀವ್ಸ್‌ನ ಆನ್. 1540ರಲ್ಲಿ ಮದುವೆ ರದ್ದಿಗೆ ತಕರಾರಿಲ್ಲದೆ ಒಪ್ಪಿ ರಿಚ್ಮಂಡ್ ಅರಮನೆ, ಹೀವರ್ ಕೋಟೆ ಪಡೆದಳು. ಹೊರಗೆ ಅವಳ ತಮ್ಮ ಆಳುವ ಡ್ಯೂಕ್. ಬೊಲಿನ್‌ಗೆ ಅಂಥ ಆಸರೆ ಇರಲಿಲ್ಲ, ಸೋದರನೂ ಅದೇ ಮೊಕದ್ದಮೆಯಲ್ಲಿ ಸತ್ತ.