ಹಳೇ ಆಟಿಕೆ ಅಂಗಡಿ ಸಾಮಾನು: ತಗಡಿನ ದೋಣಿ, ಬುಗುರಿ, ಟಕಟಕ ಗಾಡಿ ಮತ್ತೆ ಚಾಲೂ ಮಾಡೋದು ಹೆಂಗೆ?

ಬೆಣ್ಣೆನಗರಿ:
ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆ ಕಡೆಯ ಸಣ್ಣ ಅಂಗಡಿಗಳಲ್ಲಿ, ದುಗ್ಗಮ್ಮನ ಜಾತ್ರೆ ಸಾಲಿನಲ್ಲಿ ಸಿಗ್ತಿದ್ದ ಆಟಿಕೆಗಳನ್ನ ಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ. ಅಂಥ ಮೂರು ಸಾಮಾನು ಮನೆಯಲ್ಲಿ ಉಳಿದಿವೆ. ತಗಡಿನ ದೋಣಿಗೆ ದೀಪ ಹಚ್ಚಿದರೆ ಬಿಸಿ ಆಗುತ್ತೆ, ಆದರೆ ಪಟಪಟ ಅನ್ನಲ್ಲ, ಮುಂದೆ ಹೋಗಲ್ಲ. ಮರದ ಬುಗುರಿ ಚಾಟಿ ಬಿಟ್ಟ ಕೂಡಲೇ ತೂರಾಡಿ ಬೀಳುತ್ತೆ. ಮಣ್ಣಿನ ಬಟ್ಟಲಿನ ಟಕಟಕ ಗಾಡಿ ಎಳೆದರೆ ಗಾಲಿ ತಿರುಗುತ್ತೆ, ಸದ್ದಿಲ್ಲ. ಕಪಾಟಿನಲ್ಲಿ ಇಡೋಕೆ ಬೇಡ, ಮಕ್ಕಳು ಆಡಬೇಕು. ಏನು ಕೆಟ್ಟಿರುತ್ತೆ, ಹೆಂಗೆ ಸರಿ ಮಾಡೋದು ತಿಳಿಸ್ರಿ.

ಸಂತೆಹೊಂಡ (ಚಿತ್ರದುರ್ಗ):
ದೋಣಿ ವಿಷಯ ನಾನು ಹೇಳ್ತೀನಿ. ಬಿಸಿ ಆಗಿಯೂ ಓಡ್ತಿಲ್ಲ ಅಂದ್ರೆ ಮೊದಲು ಅನುಮಾನ ಪಡಬೇಕಾದ್ದು ಒಳಗಿನ ಗಾಳಿ ಮೇಲೆ. ಬಹಳ ಜನ ದೋಣಿ ನೀರಿಗೆ ಬಿಟ್ಟು ಸೀದಾ ದೀಪ ಹಚ್ಚಿಬಿಡ್ತಾರೆ. ದೀಪದ ಮೇಲೆ ನೀರು ಕುದಿಯೋಕೆ ಇರೋ ಒಳಗಿನ ತಗಡಿನ ಪೆಟ್ಟಿಗೆಗೆ ನೀರು ತಾನಾಗಿ ಹೋಗಲ್ಲ, ನಾವೇ ತುಂಬಬೇಕು.

ಸೂಜಿ ತೆಗೆದ 5 ಎಂಎಲ್ ಸಿರಿಂಜ್ ತಗೊಳ್ರಿ. ದೋಣಿಯ ಮೂತಿ ಕೆಳಗೆ, ಹಿಂಬದಿ ಮೇಲೆ ಬರೋ ಹಂಗೆ ಹಿಡಿದು, ಹಿಂದಿನ ಎರಡು ಕೊಳವೆಗಳಲ್ಲಿ ಒಂದಕ್ಕೆ ನಿಧಾನಕ್ಕೆ ನೀರು ಬಿಡ್ರಿ. ಇನ್ನೊಂದು ಕೊಳವೆಯಿಂದ ಮೊದಲು ಗುಳ್ಳೆ, ಆಮೇಲೆ ಬರೀ ನೀರು ಬರಬೇಕು. ಗುಳ್ಳೆ ಪೂರ್ತಿ ನಿಲ್ಲೋವರೆಗೂ ಬಿಡ್ತಾನೇ ಇರ್ರಿ. ಎರಡೂ ಬಾಯಿ ಬೆರಳಲ್ಲಿ ಮುಚ್ಚಿಕೊಂಡೇ ದೋಣಿಯನ್ನ ತೊಟ್ಟಿಗೆ ಇಳಿಸಿ, ಬಾಯಿಗಳು ನೀರೊಳಗೆ ಹೋದ ಮೇಲೆ ಬೆರಳು ತೆಗೀರಿ. ಬತ್ತಿ ಅದಾದ ಮೇಲೆ. ಹತ್ತಿ ಬತ್ತಿಯನ್ನ ಕಡಲೆಕಾಯಿ ಎಣ್ಣೆಯಲ್ಲಿ ನೆನೆಸಿ ಕಾಲು ಇಂಚು ಮಾತ್ರ ಹೊರಗೆ ಬಿಟ್ಟರೆ ಸಾಕು. ಉರಿಯ ತುದಿ ಪೆಟ್ಟಿಗೆಯ ತಳದ ನಡುವಿಗೆ ತಾಗಬೇಕು.

ನಡೆಯೋದು ಹಿಂಗೆ. ಪೆಟ್ಟಿಗೆ ನೀರು ಕುದ್ದು ಆವಿ ಆಗುತ್ತೆ, ಆವಿ ಕೊಳವೆಯ ನೀರನ್ನ ಹಿಂದಕ್ಕೆ ಚಿಮ್ಮುತ್ತೆ. ಆವಿ ಮುಂದೆ ತಣ್ಣನೆ ಕೊಳವೆಗೆ ಬಂದ ಕೂಡಲೇ ನೀರಾಗಿ ಕುಗ್ಗುತ್ತೆ, ಒಳಗೆ ಒತ್ತಡ ಇಳಿಯುತ್ತೆ, ಹೊರಗಿನ ನೀರು ಮತ್ತೆ ಒಳಗೆ ಬರುತ್ತೆ. ಒಂದು ಸೆಕೆಂಡಿಗೆ ಹಲವು ಸಲ ಇದೇ ನಡೆಯುತ್ತೆ. ಹೊರಗೆ ಹೋಗೋ ನೀರು ನೇರ ಧಾರೆಯಾಗಿ ಹಿಂದಕ್ಕೇ ಹೋಗುತ್ತೆ, ಒಳಗೆ ಬರೋ ನೀರು ಸುತ್ತ ಎಲ್ಲ ಕಡೆಯಿಂದ ಬರುತ್ತೆ, ಅದಕ್ಕೇ ದೋಣಿ ಹಿಂದೆ ಮುಂದೆ ಆಡದೆ ಮುಂದಕ್ಕೇ ಸಾಗುತ್ತೆ. ಪಟಪಟ ಸದ್ದು ಪೆಟ್ಟಿಗೆಯ ಮೇಲಿನ ತೆಳು ತಗಡು ಉಬ್ಬಿ ತಗ್ಗೋದರಿಂದ. 1891ರಲ್ಲಿ ಫ್ರಾನ್ಸಿನ ಥಾಮಸ್ ಪಿಯೊ ಅನ್ನೋರು ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು, ಸದ್ದು ಮಾಡೋ ತೆಳು ತಗಡಿನ ರೂಪಕ್ಕೆ 1915ರಲ್ಲಿ ಅಮೆರಿಕದ ಚಾರ್ಲ್ಸ್ ಮೆಕ್‌ಹ್ಯೂ ಅರ್ಜಿ ಹಾಕಿದರು. ಆ ತಗಡನ್ನ ಮಾತ್ರ ಬೆರಳಲ್ಲಿ ಒತ್ತಿ ನೋಡಬೇಡ್ರಿ. ಒಂದು ಸಲ ತಗ್ಗು ಬಿದ್ದರೆ ದೋಣಿ ಓಡಬಹುದು, ಸದ್ದು ಬರಲ್ಲ.

ನೀರು ತುಂಬಿಯೂ ಓಡಲಿಲ್ಲ ಅಂದ್ರೆ ಕೊಳವೆ ಕಟ್ಟಿರುತ್ತೆ. ನಮ್ಮ ಎರಡೂ ಜಿಲ್ಲೆಯಲ್ಲಿ ಬೋರ್‌ವೆಲ್ ನೀರು ಗಡಸು, ಕುದ್ದಾಗ ಬಿಳೀ ಸುಣ್ಣದ ಪದರ ಬಿಡುತ್ತೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಸಿರಿಂಜಲ್ಲಿ ತುಂಬಿ ಅರ್ಧ ಗಂಟೆ ಬಿಟ್ಟು, ಒಳ್ಳೇ ನೀರು ಹಾಯಿಸಿ ತೊಳೀರಿ. ತಂತಿ ತೂರಿಸಬೇಡ್ರಿ, ಒಳಗಿನ ಬೆಸುಗೆ ಕಿತ್ತು ಬರುತ್ತೆ. ಇನ್ನು ಮುಂದೆ ಮಳೆನೀರೋ ಫಿಲ್ಟರ್ ನೀರೋ ತುಂಬಿದರೆ ಒಳ್ಳೇದು.

ಲೇತ್ ಕೆಲಸ:
ಬುಗುರಿ ತೂರಾಡೋಕೆ ಹತ್ತರಲ್ಲಿ ಎಂಟು ಸಲ ಮೊಳೆಯೇ ಕಾರಣ. ಮೊಳೆ ನಡುವಿನಿಂದ ಒಂದು ಮಿಲಿಮೀಟರ್ ಸರಿದಿದ್ದರೂ ಸಾಕು, ಬುಗುರಿ ಕುಣಿಯುತ್ತೆ. ಇಕ್ಕಳದಲ್ಲಿ ಹಳೇ ಮೊಳೆ ನೇರಕ್ಕೆ ಎಳೆದು ತೆಗೀರಿ, ಅಲ್ಲಾಡಿಸಿ ಕೀಳಬೇಡ್ರಿ. ತೂತು ಅಗಲ ಆಗಿದ್ದರೆ ಬಿದಿರಿನ ಕಡ್ಡಿಗೆ ಮರದ ಗೋಂದು ಹಚ್ಚಿ ತುಂಬಿ, ಒಂದು ದಿನ ಒಣಗಲಿ. ಆಮೇಲೆ ಲೇತಲ್ಲಿ ಹಿಡಿಸಿ ನಡು ಗುರುತು ಹಾಕಿಸಿಕೊಂಡು, 2 ಮಿಲಿಮೀಟರ್ ಡ್ರಿಲ್ಲಲ್ಲಿ ಮುಕ್ಕಾಲು ಇಂಚು ಆಳ ಕೊರೀರಿ. ಕೊರೆಯದೇ ಸುತ್ತಿಗೆ ಹಾಕಿದರೆ ಮರ ಎಳೆಯ ಗುಂಟ ಸೀಳುತ್ತೆ, ಹಳೇ ಒಣ ಮರವಂತೂ ಖಂಡಿತ. ಒಂದೂವರೆ ಇಂಚಿನ ಮೊಳೆಯ ತಲೆ ಕತ್ತರಿಸಿ ಆ ಕಡೆಯಿಂದ ಹೊಡೀರಿ. ಹೊರಗೆ 8ರಿಂದ 10 ಮಿಲಿಮೀಟರ್ ಉಳಿಯೋ ಹಂಗೆ ಹೆಚ್ಚಿನದ್ದನ್ನ ಕತ್ತರಿಸ್ರಿ. ಇದಕ್ಕಿಂತ ಉದ್ದ ಬಿಟ್ಟರೆ ಭಾರ ಮೇಲೇರಿ ಬೇಗ ಒರಗುತ್ತೆ.

ತುದಿಯನ್ನ ಅರದಲ್ಲಿ ದುಂಡಗೆ ಉಜ್ಜಬೇಕು. ಚೂಪು ತುದಿ ಗುನ್ನ ಹೊಡೆಯೋಕೆ (ಎದುರಾಳಿ ಬುಗುರಿಗೆ ಕುಕ್ಕೋಕೆ) ಚೆನ್ನ, ಆದರೆ ಮಣ್ಣಲ್ಲಿ ಕೊರೆದುಕೊಂಡು ನಿಲ್ಲುತ್ತೆ, ಸಿಮೆಂಟಲ್ಲಿ ಜಾರುತ್ತೆ. ಮಕ್ಕಳ ಕೈಗೆ ಕೊಡೋದಾದರೆ ಚೂಪು ಬೇಡವೇ ಬೇಡ.

ಚಾಟಿಗೆ 3 ಮಿಲಿಮೀಟರ್ ದಪ್ಪದ ಹತ್ತಿ ಹುರಿ, ಮೂರು ಮೊಳ. ನೈಲಾನ್ ಹುರಿ ಜಾರುತ್ತೆ, ಬುಗುರಿ ಹಿಡಿತಕ್ಕೆ ಸಿಗಲ್ಲ. ಮೊಳೆ ಬುಡದಿಂದ ಶುರು ಮಾಡಿ ಸುತ್ತಿನ ಪಕ್ಕಕ್ಕೆ ಸುತ್ತು ಬಿಗಿಯಾಗಿ ಸುತ್ತಿ, ಬುಗುರಿಯ ಮುಕ್ಕಾಲು ಭಾಗಕ್ಕೆ ಬಂದಾಗ ನಿಲ್ಲಿಸಿ. ಸುತ್ತಿನ ಮೇಲೆ ಸುತ್ತು ಹತ್ತಿದರೆ ಬಿಡುವಾಗ ಸಿಕ್ಕು ಬಿದ್ದು ಬುಗುರಿ ಅಡ್ಡ ಹಾರುತ್ತೆ.

ಒಂದು ಮಾತು. ನಿಮ್ಮದು ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ ಆಗಿದ್ದರೆ ಇದ್ಯಾವುದೂ ಮಾಡಬೇಡ್ರಿ. ಅದು ಹಾಲೆ ಮರದ್ದು, ಬಹುಪಾಲು ಮರದ ತುದಿಯದ್ದೇ, ಬೆರಳಲ್ಲಿ ತಿರುಗಿಸೋಕೆ ಮಾಡಿದ್ದು. ಚಾಟಿಯಲ್ಲಿ ಎಸೆದರೆ ಅರಗು ಚಕ್ಕೆ ಏಳುತ್ತೆ. ಸ್ಯಾನಿಟೈಸರ್, ಸ್ಪಿರಿಟ್ ಹಾಕಿ ಒರೆಸಲೂಬಾರದು, ಅರಗು ಸ್ಪಿರಿಟ್‌ಗೆ ಕರಗಿ ಅಂಟಂಟು ಆಗುತ್ತೆ. ಒಣ ಬಟ್ಟೆ ಸಾಕು.

ಬೆಣ್ಣೆನಗರಿ:
ಬುಗುರಿ ಮೊಳೆಯದ್ದೇ, ನಡು ತಪ್ಪಿರೋದು ಕಣ್ಣಿಗೇ ಕಾಣುತ್ತೆ. ದೋಣಿಗೆ ನಿಂಬೆ ಉಪ್ಪು ಹಾಕಿ ತೊಳೆದಾಯ್ತು, ಕೊಳವೆ ಎರಡೂ ಸಲೀಸು. ಹತ್ತು ಸಲ ಪಟಪಟ ಅಂದು ನಿಂತುಬಿಡುತ್ತೆ ಸಂತೆಹೊಂಡ ಸಾರ್. ಎಲ್ಲೋ ಸೋರ್ತಿದ್ದರೆ ಎಂ-ಸೀಲ್ ಹಚ್ಚಬಹುದಾ?

ಸಂತೆಹೊಂಡ (ಚಿತ್ರದುರ್ಗ):
ಶುರುವಾಗಿ ನಿಲ್ಲೋದು ಅಂದ್ರೆ ಎರಡರಲ್ಲಿ ಒಂದು. ಮೊದಲು ಸುಲಭದ್ದು ನೋಡ್ರಿ. ಎಣ್ಣೆ ತಟ್ಟೆ ಮುಂದಕ್ಕೆ ಸರಿದು ಮೂತಿ ತಗ್ಗಿದರೆ ಹಿಂಬದಿ ಏಳುತ್ತೆ, ಕೊಳವೆ ಬಾಯಿ ನೀರಿಂದ ಮೇಲೆ ಬಂದು ಗಾಳಿ ಎಳೆದುಕೊಳ್ಳುತ್ತೆ. ಹಿಂಬದಿಗೆ ಒಂದೆರಡು ಹಳೇ ನಾಣ್ಯ ಇಟ್ಟು ಓಡಿಸಿ ನೋಡ್ರಿ.

ಅದಲ್ಲದಿದ್ದರೆ ಸೋರಿಕೆ. ಒಂದು ಕೊಳವೆ ಬೆರಳಲ್ಲಿ ಮುಚ್ಚಿ, ಇನ್ನೊಂದಕ್ಕೆ ಸಿರಿಂಜಿಂದ ಮೆಲ್ಲಗೆ ಗಾಳಿ ಒತ್ತುತ್ತಾ, ಪೆಟ್ಟಿಗೆಯನ್ನ ನೀರಲ್ಲಿ ಮುಳುಗಿಸ್ರಿ. ಗುಳ್ಳೆ ಎಲ್ಲಿ ಏಳುತ್ತೋ ಅಲ್ಲೇ ತೂತು. ಸಾಮಾನ್ಯವಾಗಿ ತೆಳು ತಗಡು ಪೆಟ್ಟಿಗೆಗೆ ಕೂಡೋ ಅಂಚಲ್ಲಿ, ಇಲ್ಲವೇ ಕೊಳವೆ ಒಳಹೋಗೋ ಜಾಗದಲ್ಲಿ. ಎಂ-ಸೀಲ್ ದೋಣಿಯ ಹೊರಮೈ ಸೋರಿದರೆ ಸರಿ, ಪೆಟ್ಟಿಗೆಗೆ ಬೇಡ, ಉರಿಯ ಮೇಲೆ ತಾಳಲ್ಲ. ಅಲ್ಲಿಗೆ ಸೋಲ್ಡರೇ (ಕರಗಿಸಿ ಹಾಕೋ ಬೆಸುಗೆ ಲೋಹ) ಬೇಕು. ತುಕ್ಕು, ಮಸಿ ಎರಡನ್ನೂ ಸಣ್ಣ ಮರಳು ಕಾಗದದಲ್ಲಿ ಉಜ್ಜಿ ಹೊಳೆಯೋ ಹಂಗೆ ಮಾಡಿದರೆ ಮಾತ್ರ ಸೋಲ್ಡರ್ ಹರಿಯುತ್ತೆ. ಪೆಟ್ಟಿಗೆ ಒಳಗೆ ನೀರಿದ್ದರೆ ಬಿಸಿ ಹಿಡಿಯಲ್ಲ, ಪೂರ್ತಿ ಒಣಗಿಸಿ ಮಾಡ್ರಿ. ರೇಡಿಯೊ ರಿಪೇರಿಯವರು ಐದು ನಿಮಿಷದಲ್ಲಿ ಹಾಕಿಕೊಡ್ತಾರೆ. ಸೀಸ ಇಲ್ಲದ ಸೋಲ್ಡರ್ ಕೇಳಿ ಹಾಕಿಸ್ರಿ.

ಬೆಸುಗೆ ಯಾಕೆ ಬಿಡುತ್ತೆ ಅನ್ನೋದೂ ತಿಳಿದಿರಲಿ. ಸಾಮಾನ್ಯ ಸೀಸದ ಸೋಲ್ಡರ್ 183 ಡಿಗ್ರಿಗೆ ಕರಗೋಕೆ ಶುರುವಾಗುತ್ತೆ. ಪೆಟ್ಟಿಗೇಲಿ ನೀರಿರೋವರೆಗೂ ಅಷ್ಟು ಬಿಸಿ ಏರಲ್ಲ. ದೋಣಿ ನಿಂತ ಮೇಲೂ ದೀಪ ಉರೀತಾ ಬಿಟ್ಟರೆ ನೀರು ಆರಿ ಬೆಸುಗೆ ಬಿಡುತ್ತೆ. ಸದ್ದು ನಿಂತ ಕೂಡಲೇ ದೀಪ ಆರಿಸಬೇಕು, ಇದನ್ನ ಮಕ್ಕಳಿಗೂ ಕಲಿಸ್ರಿ. ಆಟ ಮುಗಿದ ಮೇಲೆ ಸಿರಿಂಜಿಂದ ಗಾಳಿ ಒತ್ತಿ ನೀರು ಖಾಲಿ ಮಾಡಿ, ನೆರಳಲ್ಲಿ ಒಣಗಿಸಿ ಎತ್ತಿಡ್ರಿ.

ಜಾತ್ರೆ ಸಾಲು:
ಟಕಟಕ ಗಾಡಿ ಬಗ್ಗೆ ಯಾರೂ ಹೇಳಲಿಲ್ಲ. ಅದರಲ್ಲಿ ಸದ್ದು ಮಾಡೋದು ಎರಡು ಪುಟ್ಟ ಕಡ್ಡಿ. ಬಿದಿರಿನ ಚೌಕಟ್ಟಿಗೆ ಅಡ್ಡ ಕಟ್ಟಿದ ದಾರದ ನಡುವೆ ಕಡ್ಡಿ ಸಿಗಿಸಿ ದಾರಕ್ಕೆ ಹುರಿ ಕೊಟ್ಟಿರ್ತಾರೆ. ಗಾಲಿಯ ಅಚ್ಚಿನ ಮೇಲಿರೋ ಮೊಟಕು ತುಂಡು ಈ ಕಡ್ಡಿಯ ಬಾಲವನ್ನ ಒತ್ತಿ ಬಿಟ್ಟಾಗ, ಹುರಿಯ ಬಲಕ್ಕೆ ಕಡ್ಡಿಯ ಇನ್ನೊಂದು ತುದಿ ಬಂದು ಬಟ್ಟಲಿನ ಬಾಯಿಗೆ ಅಂಟಿಸಿದ ಕಾಗದಕ್ಕೆ ಬಡಿಯುತ್ತೆ. ಗಾಲಿ ತಿರುಗಿ ಸದ್ದಿಲ್ಲ ಅಂದ್ರೆ ಹುರಿ ಬಿಚ್ಚಿಕೊಂಡಿದೆ. ಹಳೇ ದಾರ ಕತ್ತರಿಸಿ ಹೊಸ ಹತ್ತಿ ದಾರ ಎರಡೆಳೆ ಕಟ್ಟಿ, ಕಡ್ಡಿಯನ್ನ ಎಂಟು ಹತ್ತು ಸುತ್ತು ತಿರುಗಿಸ್ರಿ. ಕಾಗದದ ಕಡೆಗೇ ಒತ್ತೋ ದಿಕ್ಕಲ್ಲಿ ತಿರುಗಿಸಬೇಕು, ತಿರುಗುಮುರುಗು ಆದರೆ ಕಡ್ಡಿ ಮೇಲೆ ಎದ್ದು ನಿಲ್ಲುತ್ತೆ.

ಸದ್ದು ಇದ್ದೂ ಬೊದ್ದುಬೊದ್ದು ಬಂದರೆ ಕಾಗದ ಸಡಿಲ. ಗಾಳಿಪಟದ ಕಾಗದ ಎರಡು ಪದರ, ನಡುವೆ ಮೈದಾ ಅಂಟು. ಸ್ವಲ್ಪ ತೇವ ಮಾಡಿ ಬಟ್ಟಲಿನ ಬಾಯಿಗೆ ಎಳೆದು ಅಂಟಿಸಿ, ನೆರಳಲ್ಲಿ ನಾಲ್ಕು ಗಂಟೆ ಬಿಡ್ರಿ. ಒಣಗುತ್ತಾ ತಾನೇ ಬಿಗಿಯುತ್ತೆ. ಬಿಸಿಲಿಗೆ ಇಟ್ಟರೆ ಹರಿಯುತ್ತೆ. ಮಳೆಗಾಲದಲ್ಲಿ ಸದ್ದು ಮಂಕಾಗೋದು ಸಹಜ, ಒಲೆ ಹತ್ತಿರ ಸ್ವಲ್ಪ ಹೊತ್ತು ಹಿಡಿದರೆ ಸಾಕು.

ಹಳೇ ತಗಡಿನ ಆಟಿಕೆಯ ಬಣ್ಣದಲ್ಲೂ ಸೀಸ ಇರೋ ಸಂಭವ ಇದೆ. ಬಾಯಿಗೆ ಹಾಕಿಕೊಳ್ಳೋ ವಯಸ್ಸಿನ ಕೂಸುಗಳಿಗೆ ದೋಣಿ ಕೊಡಬೇಡ್ರಿ, ದೊಡ್ಡ ಮಕ್ಕಳು ಆಡಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ. ಬಣ್ಣ ಸಿಪ್ಪೆ ಏಳ್ತಿದ್ದರೆ ಒಣ ಮರಳು ಕಾಗದದಲ್ಲಿ ಉಜ್ಜಬೇಡ್ರಿ, ಧೂಳು ಮೂಗಿಗೆ ಹೋಗುತ್ತೆ. ಬೆಸುಗೆಗೆ ಬೇಕಾದಷ್ಟು ಜಾಗ ಮಾತ್ರ ನೀರು ಹಚ್ಚಿ ಉಜ್ರಿ.

ಹೊಸ ಗಾಡಿ ಬೇಕಿದ್ದರೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಪ್ರತಿ ವರ್ಷ ಮಾರ್ಚ್ ಆಸುಪಾಸು, ಅಲ್ಲಿ ಹುಡುಕಿ ನೋಡ್ರಿ. ಕೊಳ್ಳುವ ಮುಂಚೆ ಗಾಡಿ ನೆಲದ ಮೇಲೆ ನಾಲ್ಕು ಹೆಜ್ಜೆ ಎಳೆದು, ಎರಡೂ ಕಡ್ಡಿ ಬಡಿಯುತ್ತಾ ನೋಡ್ರಿ. ಒಂದೇ ಬಡಿದರೆ ಬೇರೆ ಗಾಡಿ ಕೇಳ್ರಿ.