ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಬಂದ್ ಆಗುತ್ತದೆ: ಫ್ಯೂಯಲ್ ಪಂಪ್ ಬದಲಿಸಬೇಕೇ?

ಪ್ರಶ್ನೆ (ಬಳ್ಳಾರಿ)

ನಮ್ಮದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ನಾಲ್ಕು ಸಿಲಿಂಡರ್, ಕೇಬಲ್ ಥ್ರಾಟಲ್, ಮ್ಯಾನುಯಲ್ ಗೇರ್. ಕೆಲಸದ ನಿಮಿತ್ತ ಬಳ್ಳಾರಿಯಿಂದ ಕುಡತಿನಿ ಮೇಲೆ ತೋರಣಗಲ್ಲಿಗೆ ನಿತ್ಯ ಓಡಾಟವಿದೆ. ಹೆದ್ದಾರಿಯಲ್ಲಿ ಯಾವ ತಕರಾರೂ ಇಲ್ಲ, ಪಿಕಪ್ ಚೆನ್ನಾಗಿಯೇ ಇದೆ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಊರೊಳಗೆ ಬಂದು, ಎಸಿ ಚಾಲೂ ಇರುವಾಗಲೇ ಕ್ಲಚ್ ಒತ್ತಿ ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ ಮುಳ್ಳು ಕೆಳಗಿಳಿದು, ಎಂಜಿನ್ ಒಮ್ಮೆ ನಡುಗಿ ಬಂದ್ ಆಗುತ್ತದೆ. ಸೆಲ್ಫ್ ಹೊಡೆದರೆ ತಕ್ಷಣ ಶುರುವಾಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಹೀಗಾಗುವುದಿಲ್ಲ. ಚೆಕ್ ಎಂಜಿನ್ ದೀಪ ಹೊತ್ತಿಲ್ಲ, ಸ್ಪಾರ್ಕ್ ಪ್ಲಗ್‌ಗಳು ಹೊಸವು. ಗ್ಯಾರೇಜಿನವರು ಫ್ಯೂಯಲ್ ಪಂಪ್ ಬದಲಿಸೋಣ ಎನ್ನುತ್ತಿದ್ದಾರೆ. ದಯವಿಟ್ಟು ಸಲಹೆ ನೀಡಿ.

ಉತ್ತರ

ಪಂಪ್‌ಗೆ ಹಣ ಹಾಕುವುದನ್ನು ಸದ್ಯಕ್ಕೆ ತಡೆಯಿರಿ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುತ್ತಿರುವಾಗ, ಅದಕ್ಕೆ ಬೇಕಾಗುವ ಪೆಟ್ರೋಲ್ ಅತ್ಯಲ್ಪ. ಪಂಪ್ ಸೋತಿದ್ದರೆ ಅದು ಮೊದಲು ಗೊತ್ತಾಗುವುದು ಲಾರಿಯನ್ನು ಹಿಂದಿಕ್ಕುವಾಗ ಅಥವಾ ಏರು ಹತ್ತುವಾಗ. ನಿಮ್ಮ ಗಾಡಿ ಅಲ್ಲಿ ಸಲೀಸಾಗಿ ಓಡುತ್ತಿದೆ.

ನೀವು ಹೇಳಿದ ಲಕ್ಷಣಗಳು ಗಾಳಿಯ ದಾರಿಯ ಕಡೆಗೆ ಬೊಟ್ಟು ಮಾಡುತ್ತವೆ. ಪೆಡಲ್ ಬಿಟ್ಟಾಗ ಥ್ರಾಟಲ್ ತಟ್ಟೆ (ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲು) ಹೆಚ್ಚುಕಡಿಮೆ ಮುಚ್ಚಿರುತ್ತದೆ. ಎಂಜಿನ್ ಆಗ ಉಸಿರಾಡುವುದು ತಟ್ಟೆಯ ಅಂಚಿನ ಕೂದಲೆಳೆಯಷ್ಟು ಸಂದಿನಿಂದ ಮತ್ತು ಐಡಲ್ ಸ್ಪೀಡ್ ಕಂಟ್ರೋಲ್ ವಾಲ್ವ್ ತೆರೆಯುವ ಪಕ್ಕದ ಸಣ್ಣ ದಾರಿಯಿಂದ ಮಾತ್ರ. ಅಲ್ಲಿ ಮಸಿ ಕಟ್ಟಿದರೆ ಹೆದ್ದಾರಿಯಲ್ಲಿ ತಿಳಿಯುವುದೇ ಇಲ್ಲ. ತಣ್ಣಗಿದ್ದಾಗ ಇಸಿಯು (ಎಂಜಿನ್ನಿನ ಕಂಪ್ಯೂಟರ್) ತಾನಾಗಿಯೇ ಐಡಲ್ ಅನ್ನು ಏರಿಸಿಡುವುದರಿಂದ ಬೆಳಿಗ್ಗೆಯೂ ತಿಳಿಯುವುದಿಲ್ಲ. ಬಿಸಿಯಾದ ಎಂಜಿನ್ 700ರಿಂದ 800 ಆರ್‌ಪಿಎಂಗೆ ಇಳಿದಾಗಲೇ ಎಸಿ ಕಂಪ್ರೆಸರ್‌ನ ಹೊರೆ ಬಿದ್ದರೆ, ಹೆಚ್ಚಿನ ಗಾಳಿ ಒಡನೆಯೇ ಬೇಕಾಗುತ್ತದೆ. ನಮ್ಮ ಭಾಗದ ನಲವತ್ತು ಡಿಗ್ರಿ ದಾಟುವ ಬಿಸಿಲಲ್ಲಿ ಗಾಡಿ ನಿಂತಾಗ ಎಸಿಯ ಬಿಸಿಯನ್ನು ಹೊರಬಿಡುವ ಕಂಡೆನ್ಸರ್‌ಗೆ ಗಾಳಿ ಬಡಿಯದೆ ಕಂಪ್ರೆಸರ್‌ನ ಹೊರೆ ಇನ್ನೂ ಏರುತ್ತದೆ.

ಸ್ಕ್ಯಾನರ್ ಇರುವ ಕಡೆ ಹೋಗಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ, ಲೈವ್ ಡೇಟಾದಲ್ಲಿ ಆರ್‌ಪಿಎಂ, ಐಡಲ್ ವಾಲ್ವ್ ತೆರೆದಿರುವ ಪ್ರಮಾಣ, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಈ ಮೂರನ್ನೂ ಬರೆದುಕೊಳ್ಳಿ.

ಮತ್ತೊಬ್ಬರ ಉತ್ತರ (ರಾಯಚೂರು)

ಇಲ್ಲಿನ ಬಿಸಿಲಿಗೆ ರಬ್ಬರ್ ವ್ಯಾಕ್ಯೂಮ್ ಹೋಸ್‌ಗಳು ಬೇಗ ಸೀಳುತ್ತವೆ. ಕಾರ್ಬ್ ಕ್ಲೀನರ್ ಸಿಂಪಡಿಸಿ ಸೋರಿಕೆ ನೋಡಬಹುದಲ್ಲವೇ?

ಉತ್ತರ

ಹೋಸ್‌ಗಳನ್ನು ಕಣ್ಣಿಂದ ನೋಡುವುದು, ಬಗ್ಗಿಸಿ ಪರೀಕ್ಷಿಸುವುದು ಸರಿ. ಆದರೆ ಕಾದ ಎಗ್ಸಾಸ್ಟ್ ಪಕ್ಕದಲ್ಲಿ ಬೆಂಕಿ ಹೊತ್ತುವ ದ್ರವವನ್ನು ಸಿಂಪಡಿಸುವುದು ಬೇಡವೇ ಬೇಡ. ಇನ್ನೊಂದು ಮಾತು: ಗಾಳಿಯನ್ನು ಮ್ಯಾನಿಫೋಲ್ಡ್ ಒತ್ತಡದಿಂದ, ಅಂದರೆ ಮ್ಯಾಪ್ ಸೆನ್ಸರ್‌ನಿಂದ ಲೆಕ್ಕ ಹಾಕುವ ಗಾಡಿಗಳಲ್ಲಿ ಸೋರಿಕೆಯಾದರೆ ಒಳಗಿನ ಒತ್ತಡ ಏರಿ, ಇಸಿಯು ಅದಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಕೊಡುತ್ತದೆ, ಹಾಗಾಗಿ ಅಲ್ಲಿ ಐಡಲ್ ಸಾಮಾನ್ಯವಾಗಿ ಏರುತ್ತದೆ, ಇಳಿಯುವುದಿಲ್ಲ. ಮಾಸ್ ಏರ್ ಫ್ಲೋ ಸೆನ್ಸರ್ ಇರುವ ಗಾಡಿಗಳಲ್ಲಾದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗಿ ಎಂಜಿನ್ ನಿಲ್ಲಬಹುದು, ಮಿಶ್ರಣ ತೆಳುವಾಗಿದೆ ಎನ್ನುವ ಪಿ0171 ಕೋಡ್ ಸ್ಕ್ಯಾನರ್‌ನಲ್ಲಿ ಬರಬಹುದು.

ಪ್ರಶ್ನೆ ಕೇಳಿದವರು

ಮ್ಯಾಪ್ ಸೆನ್ಸರ್ ಇರುವ ಗಾಡಿಯೇ ಹೌದು. ಎಸಿ ಇಲ್ಲದೆ 640 ಆರ್‌ಪಿಎಂ, ಎಸಿ ಹಾಕಿದೊಡನೆ 500ರ ಆಸುಪಾಸು. ಟ್ರಿಮ್ ಶೇ 3. ಐಡಲ್ ವಾಲ್ವ್ ಮಾತ್ರ ಬಹುತೇಕ ಪೂರ್ತಿ ತೆರೆದುಕೊಂಡಿದೆ. ಏರ್ ಫಿಲ್ಟರ್ ಪೆಟ್ಟಿಗೆ ಬಿಚ್ಚಿದಾಗ ಅದರ ಒಂದು ಕ್ಲಿಪ್ ಮುರಿದಿರುವುದು ಕಂಡಿತು. ಆ ಮೂಲೆಯಲ್ಲಿ ರಬ್ಬರ್ ಅಂಚನ್ನು ದಾಟಿ, ಎಂಜಿನ್ ಕಡೆಗೆ ಕೆಂಪು ದೂಳಿನ ಗೆರೆಯೊಂದು ಸಾಗಿದೆ.

ಉತ್ತರ

ಹಾಗಾದರೆ ಕಾರಣ ಕೈಗೆ ಸಿಕ್ಕಿದೆ. ಟ್ರಿಮ್ ಶೇ 3 ಎಂದರೆ ಪೆಟ್ರೋಲಿನ ಲೆಕ್ಕ ಸರಿಯಿದೆ. ಇಸಿಯು ವಾಲ್ವನ್ನು ತೆರೆಯುತ್ತಲೇ ಹೋಗುತ್ತಿದೆ, ಗಾಳಿ ಮಾತ್ರ ಬರುತ್ತಿಲ್ಲ. ಅದಿರು ಲಾರಿಗಳ ದಾರಿಯಲ್ಲಿ ಏಳುವ ನುಣುಪಾದ ದೂಳು ಆ ಮೂಲೆಯಿಂದ ನುಸುಳಿ, ಪಿಸಿವಿ ಹೋಸ್‌ನಿಂದ (ಎಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಬಿಡುವ ಕೊಳವೆ) ಬರುವ ಎಣ್ಣೆಯ ಆವಿಗೆ ಅಂಟಿಕೊಂಡು ತಟ್ಟೆಯ ಅಂಚಿನಲ್ಲಿ ಗಟ್ಟಿಯಾಗುತ್ತದೆ. ಇದೇ ದೂಳು ಸಿಲಿಂಡರ್ ಗೋಡೆಯನ್ನೂ ಸವೆಸುವುದರಿಂದ, ಸ್ವಚ್ಛಗೊಳಿಸುವ ಮೊದಲು ಆ ಪೆಟ್ಟಿಗೆಯನ್ನು ಸರಿಪಡಿಸಿ, ಕಂಪನಿಯ ಹೊಸ ಫಿಲ್ಟರ್ ಹಾಕಿ.

ಬ್ಯಾಟರಿಯ ನೆಗೆಟಿವ್ ತೆಗೆದು ಥ್ರಾಟಲ್ ಬಾಡಿಯನ್ನು ಬಿಚ್ಚಿ. ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಹಾಕಿ, ತಟ್ಟೆಯ ಎರಡೂ ಬದಿ ಮತ್ತು ಅದು ಕೂರುವ ಗೋಡೆಯನ್ನು ಒರೆಸಿ. ಐಡಲ್ ವಾಲ್ವ್ ಬಿಚ್ಚಿದರೆ ಅದರ ದಾರಿಗೆ ಕ್ಲೀನರ್ ಹಾಕಬಹುದು, ಆದರೆ ವಾಲ್ವ್‌ನ ಮೋಟಾರ್ ಭಾಗ ನೆನೆಯಬಾರದು. ತಟ್ಟೆಯ ಸ್ಟಾಪ್ ಸ್ಕ್ರೂ ತಿರುಗಿಸಿ ಐಡಲ್ ಏರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. (ಎಲೆಕ್ಟ್ರಾನಿಕ್ ಥ್ರಾಟಲ್ ಇರುವವರು ತಟ್ಟೆಯನ್ನು ಬೆರಳಿನಿಂದ ಒತ್ತಿ ತೆರೆಯಬಾರದು, ಒಳಗಿನ ಗೇರ್ ಹಾಳಾದೀತು.) ಗ್ಯಾಸ್ಕೆಟ್ ಹೊಸದಿರಲಿ.

ಬಳಿಕ ಎಸಿ, ದೀಪ ಎಲ್ಲ ಬಂದ್ ಮಾಡಿ, ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಐಡಲ್‌ನಲ್ಲೇ ಬಿಡಿ; ಆಮೇಲೆ ಎಸಿ ಹಾಕಿ ಕೆಲವು ನಿಮಿಷ ನೋಡಿ. ಇಸಿಯು ಹೊಸ ಗಾಳಿಗೆ ಹೊಂದಿಕೊಳ್ಳುವವರೆಗೆ ಐಡಲ್ ತುಸು ಹೆಚ್ಚಿದ್ದರೆ ಗಾಬರಿ ಬೇಡ. ಈ ಕೆಲಸವೆಲ್ಲ ಮುಗಿಯುವವರೆಗೆ ದಟ್ಟಣೆಯಲ್ಲಿ ಎಸಿ ಹಾಕಬೇಡಿ. ಓಡುವಾಗ ಎಂಜಿನ್ ನಿಂತರೆ ಬ್ರೇಕ್ ಪೆಡಲನ್ನು ಹಗುರಗೊಳಿಸುವ ಬೂಸ್ಟರ್‌ನಲ್ಲಿ ಉಳಿಯುವ ವ್ಯಾಕ್ಯೂಮ್ ಒಂದೆರಡು ಒತ್ತುವಿಕೆಗೆ ಮಾತ್ರ ಸಾಲುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ.