ಈ ವಾರದ ಸಮಸ್ಯೆ: ಬಾಗಿಲಿಲ್ಲದ ಮನೆಗೆ ಬೀಗ

ಸಮಸ್ಯೆ (ವಿಜಯಪುರದಿಂದ)

ಕಾವ್ಯಾಸಕ್ತರಿಗೆಲ್ಲ ನಮಸ್ಕಾರ. ಸೂರಿಲ್ಲದೆ ನಿಂತಿರುವ ನಮ್ಮೂರ ಅಪೂರ್ಣ ಗೋರಿ ಬಾರಾ ಕಮಾನಿನಲ್ಲಿ ಅಡ್ಡಾಡುವಾಗ ಹೊಳೆದ ಪಾದವಿದು:

ಬಾಗಿಲಿಲ್ಲದ ಮನೆಗೆ ಬೀಗ ಹಾಕಿತು ಗಾಳಿ

ಇದೇ ಕೊನೆಯ ಪಾದವಾಗುವಂತೆ ಮೊದಲ ಮೂರು ಪಾದಗಳನ್ನು ನೀವು ಪೂರಣ ಮಾಡಬೇಕು. ಐದೈದು ಮಾತ್ರೆಯ ಗಣಗಳಿರುವ ನಾಲ್ಕು ಪಾದದ ಪದ್ಯ, ಅಂದರೆ ಪಂಚಮಾತ್ರೆಯ ಚೌಪದಿಯಾಗಬೇಕು; ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವ ಆದಿಪ್ರಾಸ ಕಡ್ಡಾಯ. ವಸ್ತು, ಯುದ್ಧ ಮತ್ತು ದಬ್ಬಾಳಿಕೆಯ ನೆರಳಿನ ಅತಿವಾಸ್ತವ (ಸರ್ರಿಯಲಿಸ್ಟ್) ಚಿತ್ರಕಲೆ. ಅಸಂಭವವಾದ ಪಾದ ಸಿಕ್ಕಾಗಲೆಲ್ಲ ‘ಕನಸಿನಲ್ಲಿ ಕಂಡೆ’ ಎಂದು ಜಾರಿಕೊಳ್ಳುವ ಹಳೆಯ ಉಪಾಯಕ್ಕೆ ಈ ಸಲ ಅವಕಾಶವಿಲ್ಲ. 1924ರಲ್ಲಿ ಈ ಪಂಥದ ಪ್ರಣಾಳಿಕೆ ಬರೆದ ಆಂದ್ರೆ ಬ್ರೆತೋಂ ಅವರು ಮೊದಲ ಮಹಾಯುದ್ಧದಲ್ಲಿ ಮನಸ್ಸು ಕದಡಿದ ಸೈನಿಕರನ್ನು ಆಸ್ಪತ್ರೆಯಲ್ಲಿ ಉಪಚರಿಸಿದವರು. ಈ ಪಂಥದ ಹಿಂದೆ ಕಣ್ಣಾರೆ ಕಂಡ ಯುದ್ಧದ ನೋವಿದೆ, ಆದ್ದರಿಂದ ನಡೆದದ್ದನ್ನೇ ಹೇಳಿ ಪಾದವನ್ನು ಸಾಧಿಸಬೇಕು.

ಪೂರಣ (ಬಾಗಲಕೋಟೆಯಿಂದ)

ಕೂಗಿತದೊ ಬೆದರಿದ್ದ ಕುದುರೆ, ನಾಲಗೆ ಚೂರಿ;
ತೂಗುದೀಪದ ಕಣ್ಣು ರೆಪ್ಪೆ ಮುಚ್ಚದು ಮತ್ತೆ;
ಸಾಗಲೆಲ್ಲಿಗೆ ತಾಯಿ ಸತ್ತ ಕೂಸನು ಹೊತ್ತು?
ಬಾಗಿಲಿಲ್ಲದ ಮನೆಗೆ ಬೀಗ ಹಾಕಿತು ಗಾಳಿ

1937ರ ಏಪ್ರಿಲ್ 26ರಂದು ಬಾಂಬು ಬಿದ್ದ ಸ್ಪೇನಿನ ಗೆರ್ನಿಕಾ ಪಟ್ಟಣವನ್ನು ಕುರಿತ ಪಿಕಾಸೋ ಚಿತ್ರ ಇದಕ್ಕೆ ಆಧಾರ.

ಸಮಸ್ಯೆ ಕೊಟ್ಟವರು

ಛಂದಸ್ಸು ನಿರ್ದುಷ್ಟವಾಗಿದೆ, ಮೂರನೆಯ ಪಾದವಂತೂ ಎದೆಗೆ ನಾಟುತ್ತದೆ. ಆದರೆ ಸರ್, ಎರಡು ಆಕ್ಷೇಪಗಳಿವೆ. ಪಿಕಾಸೋ ಅವರನ್ನು ಪೂರ್ತಿಯಾಗಿ ಈ ಪಂಥಕ್ಕೆ ಸೇರಿಸಲಾಗದು. ಅದಕ್ಕಿಂತ ಮುಖ್ಯವಾಗಿ, ಆ ಚಿತ್ರದ ಬಲ ಅಂಚಿನಲ್ಲಿ ತೆರೆದ ಬಾಗಿಲೊಂದು ಸ್ಪಷ್ಟವಾಗಿಯೇ ಇದೆ!

ಪೂರಣ (ಬೆಳಗಾವಿಯಿಂದ)

ಜಾಗವಿಲ್ಲದ ಕೋಣೆ, ಕಾಗದದ ಚೂರೊಂದು,
ಆಗಾಗ ಗೀಚಿಟ್ಟು ಮರಳೊಳಗೆ ಹೂತಿಡಲು
ಈಗಾರು ಹುಡುಕುವರು? ಸುಳಿದು ಮರಳನು ಚೆಲ್ಲಿ
ಬಾಗಿಲಿಲ್ಲದ ಮನೆಗೆ ಬೀಗ ಹಾಕಿತು ಗಾಳಿ

ಸುಡಾನಿನ ಚಿತ್ರಕಾರ ಇಬ್ರಾಹಿಂ ಎಲ್-ಸಲಾಹಿ ಅವರನ್ನು 1975ರಲ್ಲಿ ವಿಚಾರಣೆಯಿಲ್ಲದೆ ಖಾರ್ಟೂಮಿನ ಸೆರೆಮನೆಯಲ್ಲಿ ಆರು ತಿಂಗಳು ಇಡಲಾಗಿತ್ತು. ಅಲ್ಲಿ ಅವರು ಕಾವಲುಗಾರರ ಕಣ್ಣು ತಪ್ಪಿಸಿ ಸಣ್ಣ ಕಾಗದದ ಚೂರುಗಳ ಮೇಲೆ ಚಿತ್ರ ಬರೆದು ಮರಳಿನಲ್ಲಿ ಹೂಳುತ್ತಿದ್ದರು. ಬಿಡುಗಡೆಯಾದ ಮೇಲೂ ತುಂಡಿಗೆ ತುಂಡು ಸೇರಿಸಿ ಚಿತ್ರ ಬೆಳೆಸುವ ಆ ಕ್ರಮ ಅವರ ಕೈಯಲ್ಲಿ ಉಳಿಯಿತು. 1984–85ರ ಅವರ ದೊಡ್ಡ ಕಪ್ಪುಬಿಳುಪು ಕೃತಿ ಒಂಬತ್ತು ಫಲಕಗಳನ್ನು ಜೋಡಿಸಿದ್ದು. ಸೆರೆಯು ಚಿತ್ರಕ್ಕೆ ಕೊಟ್ಟದ್ದು ಬರಿಯ ವಸ್ತುವನ್ನಲ್ಲ, ಅದರ ರಚನೆಯನ್ನೇ ಎಂಬುದು ನನ್ನ ಅಭಿಪ್ರಾಯ.

ಸಮಸ್ಯೆ ಕೊಟ್ಟವರು

ಮರಳಿನ ಗುಂಡಿಯೇ ಬಾಗಿಲಿಲ್ಲದ ಮನೆ, ಅದನ್ನು ಮುಚ್ಚಿದ ಗಾಳಿಯೇ ಬೀಗ! ಪಾದದ ಅಸಂಭವ ಪೂರ್ತಿ ಕರಗಿದೆ. ಅತಿವಾಸ್ತವ ಪಂಥದ ಚಿತ್ರಕಾರ ಮ್ಯಾಕ್ಸ್ ಅರ್ನ್‌ಸ್ಟ್ ಅವರ ವಿಷಯದಲ್ಲಿಯೂ ನಿಮ್ಮ ಮಾತು ಒಪ್ಪುತ್ತದೆ. 1939ರಲ್ಲಿ ಫ್ರಾನ್ಸಿನ ಶಿಬಿರದಲ್ಲಿ ಬಂಧಿತರಾಗಿದ್ದ ಅವರು ಮುಂದೆ ಹಸಿ ಬಣ್ಣದ ಮೇಲೆ ಗಾಜನ್ನೋ ಕಾಗದವನ್ನೋ ಒತ್ತಿ ಎತ್ತಿ, ಕೊಳೆತು ಕಲ್ಲಾದಂತಿರುವ ಯುರೋಪನ್ನು ಮೂಡಿಸಿದರು.

ಬಾಗಲಕೋಟೆಯಿಂದ ಮತ್ತೆ

ಬಾಗಿಲಿನ ಆಕ್ಷೇಪವನ್ನು ಒಪ್ಪಿದೆ. ಕನಸಿನ ಮೇಲಿನ ನಿಷೇಧವನ್ನು ಮಾತ್ರ ಒಪ್ಪಲಾರೆ. ಸಿರಿಯಾದ ಹಮಾ ಪಟ್ಟಣದಲ್ಲಿ ಹುಟ್ಟಿದ ಸಫ್ವಾನ್ ದಾಹೂಲ್ ಅವರು ತಮ್ಮ ಚಿತ್ರಗಳಿಗೆ ದಶಕಗಳಿಂದ ‘ಕನಸು’ ಎಂದೇ ಹೆಸರಿಡುತ್ತ ಬಂದಿದ್ದಾರೆ. ಬೂದುಬಣ್ಣದ ಇಕ್ಕಟ್ಟಿನಲ್ಲಿ ಮುದುಡಿದ ಅವರ ಹೆಣ್ಣು ಯಾವುದರಿಂದಲೂ ಜಾರಿಕೊಳ್ಳುತ್ತಿಲ್ಲ. ಎರಡು ಪಾದ ಸಿದ್ಧವಾಗಿವೆ:

ಬಾಗಿ ಮಲಗಿದ ಹೆಣ್ಣು, ತೆರೆದ ಕಣ್ಣಲಿ ಬೂದಿ;
ಹೋಗಲೂರೇ ಇಲ್ಲ ಮರಳಿ ಕನಸಿಗು ಕೂಡ;

ಸಮಸ್ಯೆ ಕೊಟ್ಟವರು

ಇಂಥ ಕನಸಾದರೆ ನಿಷೇಧವನ್ನು ಹಿಂತೆಗೆದುಕೊಂಡೆ. ಮೂರನೆಯ ಪಾದವನ್ನು ಬಲ್ಲವರು ಯಾರಾದರೂ ಜೋಡಿಸಬಹುದು, ಗಕಾರದ ಪ್ರಾಸ ತಪ್ಪಬಾರದು.